ನೀವು ಕೇಳಿದ್ದೀರಿ: ಜೋಡಿ ಒಡಲಿನ ವೇಗದ ದೋಣಿಗಳು

ಎಂಜಿನ್ ಬಲದಿಂದ ಓಡುವ ವೇಗದ ಕ್ಯಾಟಮರಾನ್‌ಗಳ ಬಗ್ಗೆ ಬಂದ ಪತ್ರಗಳಿಂದ ಒಂಬತ್ತು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಕ್ಯಾಟಮರಾನ್ ಎಂದರೆ ಹಾಯಿದೋಣಿ ಎಂದುಕೊಂಡಿದ್ದೆ. ಎಂಜಿನ್ ಹಾಕಿ ರೇಸಿಗೆ ಇಳಿಸುವ ಯೋಚನೆ ಯಾರಿಗೆ, ಯಾವಾಗ ಬಂತು?

ಉತ್ತರ: ಮೊದಲು ಹೆಸರಿನ ಮಾತು. ತಮಿಳಿನ ಕಟ್ಟುಮರಂ ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆಯಿತು. ಕಟ್ಟಿದ ಮರ ಎಂಬ ಅರ್ಥವನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಮೂಲ ಕಟ್ಟುಮರ ದಿಮ್ಮಿಗಳನ್ನು ಒತ್ತೊತ್ತಾಗಿ ಬಿಗಿದ ತೆಪ್ಪ. ಎರಡು ಒಡಲುಗಳ ನಡುವೆ ಖಾಲಿ ಜಾಗ ಬಿಟ್ಟ ದೋಣಿಗೆ ಆ ಹೆಸರು ಅಂಟಿಕೊಂಡದ್ದು ಆಮೇಲೆ.

ವೇಗದ ಕ್ಯಾಟಮರಾನಿನ ಬೇರು 1910ರ ದಶಕದಲ್ಲಿದೆ. ಆಲ್ಬರ್ಟ್ ಹಿಕ್‌ಮನ್ ಆಗ 'ಸೀ ಸ್ಲೆಡ್' ಎಂಬ ದೋಣಿ ಮಾಡಿದರು. ಅದರ ತಳ ತಲೆಕೆಳಗಾದ 'ವಿ' ಅಕ್ಷರದಂತಿತ್ತು, ಮುಂದಿನಿಂದ ನುಗ್ಗಿದ ಗಾಳಿಯೂ ತುಂತುರೂ ಅದರಡಿ ಸಿಕ್ಕಿಕೊಳ್ಳುತ್ತಿದ್ದವು. ಅರ್ಧ ನೀರಿನ ಮೇಲೆ, ಅರ್ಧ ಕೆಳಗೆ ಇದ್ದು ತಿರುಗುವ ಪ್ರೊಪೆಲ್ಲರನ್ನೂ ಹಿಕ್‌ಮನ್ ಬಳಸಿದ್ದರು. ಗಾಳಿಯನ್ನು ಹಿಡಿದಿಡುವುದು, ಪ್ರೊಪೆಲ್ಲರನ್ನು ಮೇಲ್ಮೈಗೆ ತರುವುದು ಎಂಬ ಈ ಎರಡು ಯೋಚನೆಗಳ ಮೇಲೆಯೇ ಇಂದಿನ ಎಲ್ಲ ಮಾದರಿಗಳೂ ನಿಂತಿವೆ.

1960ರ ದಶಕದಲ್ಲಿ ಇಟಲಿಯ ಮೊಲಿನಾರಿ ಮನೆತನ ಸರ್ಕ್ಯೂಟ್ ರೇಸಿಗಾಗಿ ಟನಲ್ (ಎರಡು ಒಡಲುಗಳ ನಡುವಿನ ಸುರಂಗ) ಇರುವ ಸಣ್ಣ ದೋಣಿಗಳನ್ನು ಕಟ್ಟತೊಡಗಿತು. ಅದೇ ಮನೆಯ ರೆನಾಟೊ ಮೊಲಿನಾರಿ 1981ರಲ್ಲಿ ಫಾರ್ಮುಲಾ 1 ದೋಣಿ ಓಟದ ಮೊದಲ ಚಾಂಪಿಯನ್ ಆದರು. ಸಮುದ್ರ ಮಾತ್ರ ಬಹುಕಾಲ 'ಡೀಪ್ ವಿ' ದೋಣಿಗಳ ಹಿಡಿತದಲ್ಲೇ ಇತ್ತು. 1960ರ ಮಯಾಮಿ–ನಸೌ ಓಟದಲ್ಲಿ ರೇ ಹಂಟ್ ವಿನ್ಯಾಸದ 'ಮೋಪಿ' ಗೆದ್ದಾಗಿನಿಂದ ಅಲೆ ಸೀಳಲು ಚೂಪು ತಳವೇ ಸರಿ ಎಂಬ ನಂಬಿಕೆ ಬೇರೂರಿತ್ತು. ಅದನ್ನು ಅಲ್ಲಾಡಿಸಿದವರು ಬ್ರಿಟನ್ನಿನ ಜೇಮ್ಸ್ ಬಿಯರ್ಡ್ ಮತ್ತು ಕ್ಲೈವ್ ಕರ್ಟಿಸ್. ತಮ್ಮ ಕೂಗರ್ ಮರೀನ್ ಮೂಲಕ 1970ರ ದಶಕದಲ್ಲಿ ಅವರು ಸರ್ಕ್ಯೂಟಿನ ಟನಲ್ ದೋಣಿಯನ್ನು ದೊಡ್ಡದಾಗಿಸಿ ಕಡಲಿಗೆ ಇಳಿಸಿದರು. ಕ್ಲೈವ್ ಅವರ ಮಗ ಸ್ಟೀವ್ ಕರ್ಟಿಸ್ ಮುಂದೆ ಕಡಲ ದೋಣಿ ಓಟದ ಮೇಲ್ದರ್ಜೆಯಾದ ಕ್ಲಾಸ್ 1ರ ವಿಶ್ವ ಪ್ರಶಸ್ತಿಯನ್ನು ಎಂಟು ಬಾರಿ ಗೆದ್ದರು.

ಪ್ರಶ್ನೆ: ಟನ್‌ಗಟ್ಟಲೆ ತೂಕದ ದೋಣಿಯನ್ನು ಗಾಳಿ ಎತ್ತುತ್ತದೆ ಎನ್ನುತ್ತಾರೆ. ನಿಜವೇ? ಹಾಗಾದರೆ ಅದು ಹಿಂದಕ್ಕೆ ಮಗುಚದೆ ಹೇಗೆ ಉಳಿಯುತ್ತದೆ?

ಉತ್ತರ: ನಿಜ, ಲೆಕ್ಕ ಹಾಕಿಯೇ ನೋಡಬಹುದು. ಗಂಟೆಗೆ 160 ಕಿ.ಮೀ. ವೇಗದಲ್ಲಿ ಎದುರು ಗಾಳಿಯನ್ನು ಪೂರ್ತಿ ತಡೆದರೆ ಹುಟ್ಟುವ ಒತ್ತಡ ಚದರ ಮೀಟರಿಗೆ ಸುಮಾರು 120 ಕಿಲೋ ಭಾರಕ್ಕೆ ಸಮ. ಟನಲ್‌ನ ಚಾವಣಿ ಒಂದೂವರೆ ಮೀಟರ್ ಅಗಲ, 9 ಮೀಟರ್ ಉದ್ದ ಇದ್ದರೆ ಹದಿಮೂರೂವರೆ ಚದರ ಮೀಟರ್ ಆಯಿತು. ಟನಲ್‌ನ ಹಿಂಬದಿ ತೆರೆದಿರುವುದರಿಂದ ಅಷ್ಟೂ ಒತ್ತಡ ದಕ್ಕುವುದಿಲ್ಲ. ಅರ್ಧ ದಕ್ಕಿದರೂ 800 ಕಿಲೋ ಭಾರವನ್ನು ಗಾಳಿ ಹೊತ್ತುಕೊಂಡಂತೆ. ಅಷ್ಟು ಭಾರ ನೀರಿನ ಮೇಲಿಂದ ಇಳಿದರೆ ತಳದ ಉಜ್ಜಾಟ ಕಡಿಮೆ, ವೇಗ ಹೆಚ್ಚು.

ಅಪಾಯ ಇರುವುದೂ ಇಲ್ಲೇ. ನೀರು ಎತ್ತುವಾಗ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ: ದೋಣಿ ಮೇಲೆದ್ದರೆ ನೀರಿಗೆ ತಾಗುವ ತಳ ಕಿರಿದಾಗುತ್ತದೆ, ಎತ್ತುವ ಬಲ ಇಳಿಯುತ್ತದೆ, ದೋಣಿ ಮತ್ತೆ ಕೂರುತ್ತದೆ. ಗಾಳಿಗೆ ಈ ಗುಣವಿಲ್ಲ. ಮೂತಿ ಮೇಲೆದ್ದಷ್ಟೂ ಟನಲ್‌ನ ಬಾಯಿ ಇನ್ನಷ್ಟು ಗಾಳಿ ನುಂಗುತ್ತದೆ, ಮೂತಿ ಇನ್ನೂ ಏಳುತ್ತದೆ. ಒಂದು ಹಂತ ದಾಟಿದ ಮೇಲೆ ಯಾವ ಕೈಚಳಕವೂ ನಡೆಯದು, ದೋಣಿ ಹಿಮ್ಮುಖವಾಗಿ ಮಗುಚುತ್ತದೆ.

ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಮತ್ತು ಇಲ್ಲಿ ಲೆಕ್ಕಕ್ಕೆ ಬರುವುದು ಜಿಪಿಎಸ್ ತೋರಿಸುವ ವೇಗವಲ್ಲ, ಗಾಳಿಯೆದುರಿನ ವೇಗ. 160 ಕಿ.ಮೀ.ನಲ್ಲಿ ಓಡುವಾಗ 30 ಕಿ.ಮೀ.ನ ಎದುರುಗಾಳಿ ಬಂದರೆ ದೋಣಿಯ ಪಾಲಿಗೆ ಅದು 190. ಎತ್ತುವ ಬಲ ಶೇ 41ರಷ್ಟು ಜಾಸ್ತಿ, ಅದೂ ಥ್ರಾಟಲ್ ಮುಟ್ಟದೆಯೇ! ನಿನ್ನೆ ಇದೇ ವೇಗದಲ್ಲಿ ಸರಿಯಾಗಿ ಓಡಿತ್ತು ಎಂಬ ಧೈರ್ಯಕ್ಕೆ ಬೆಲೆಯಿಲ್ಲದಿರುವುದು ಈ ಕಾರಣಕ್ಕೆ. ಸ್ಟಿಯರಿಂಗ್ ಏಕಾಏಕಿ ಹಗುರಾಗುವುದು, ವೇಗ ಏರದಿದ್ದರೂ ಎಂಜಿನ್ ಸುತ್ತು ಮೇಲೇರುವುದು, ಮೂತಿ ಮೆಲ್ಲಗೆ ತೇಲಾಡುವುದು, ಈ ಮೂರರಲ್ಲಿ ಒಂದು ಕಂಡರೂ ಥ್ರಾಟಲನ್ನು ನಯವಾಗಿ ಇಳಿಸಿ ಟ್ರಿಮ್ (ಪ್ರೊಪೆಲ್ಲರ್ ಘಟಕದ ವಾಲಿಕೆ) ಒಳಗೆ ತೆಗೆದುಕೊಳ್ಳಬೇಕು.

2014ರಲ್ಲಿ ಅಮೆರಿಕದ ಲೇಕ್ ಆಫ್ ದಿ ಓಝಾರ್ಕ್ಸ್‌ನಲ್ಲಿ ಎರಡು ಟರ್ಬೈನ್ ಎಂಜಿನ್‌ಗಳ, 50 ಅಡಿಯ, ಮಿಸ್ಟಿಕ್ ಕಂಪನಿಯ ಕ್ಯಾಟಮರಾನ್ 'ಸ್ಪಿರಿಟ್ ಆಫ್ ಕತಾರ್' ಗಂಟೆಗೆ 244 ಮೈಲಿ, ಅಂದರೆ ಸುಮಾರು 393 ಕಿ.ಮೀ. ಮುಟ್ಟಿತು. ಆ ವೇಗದಲ್ಲಿ ಗಾಳಿಯ ಒತ್ತಡ 160ರಲ್ಲಿ ಇರುವುದರ ಆರು ಪಟ್ಟು!

ಪ್ರಶ್ನೆ: ಹಳೆಯ ಮಾದರಿಗೂ ಹೊಸದಕ್ಕೂ ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ತಳದಲ್ಲಿ ನಿಜವಾಗಿ ಏನು ಬದಲಾಗಿದೆ?

ಉತ್ತರ: ತಳವನ್ನು ನೋಡಬೇಕು ಎಂದು ನೀವು ಗುರುತಿಸಿದ್ದು ಸರಿ. ಬಣ್ಣ, ಡೆಕ್, ಸೀಟು ಎಲ್ಲವೂ ಆಮೇಲಿನ ಮಾತು.

ಮೊದಲ ತಲೆಮಾರಿನ ಕಡಲ ಕ್ಯಾಟಮರಾನ್ ಎಂದರೆ, ಬಹುಮಟ್ಟಿಗೆ, ನಡುವೆ ಸೀಳಿ ದೂರ ಸರಿಸಿದ ವಿ-ದೋಣಿ. ಎರಡು ಬದಿಯ ಒಡಲುಗಳ, ಅಂದರೆ ಸ್ಪಾನ್ಸನ್‌ಗಳ, ಹೊರಮೈ ಇಳಿಜಾರು, ಒಳಮೈ ಗೋಡೆಯಂತೆ ನೇರ, ನಡುವಿನ ಟನಲ್‌ನ ಚಾವಣಿ ಚಪ್ಪಟೆ, ಸ್ಪಾನ್ಸನ್‌ನ ಮೂತಿ ಚೂಪು. ತಿಳಿನೀರಿನಲ್ಲಿ ಇದು ಬಾಣ. ಅಲೆಗೆ ಬಂದರೆ ಮೂರು ಕಡೆ ತೊಂದರೆ. ಅಲೆಯಿಂದ ಹಾರಿ ಇಳಿಯುವಾಗ ಚೂಪು ಮೂತಿ ಮುಂದಿನ ಅಲೆಗೆ ಚುಚ್ಚಿಕೊಳ್ಳುತ್ತಿತ್ತು. ಟನಲ್‌ನ ತಗ್ಗು ಚಾವಣಿಗೆ ನೀರು ರಪ್ಪನೆ ಬಡಿಯುತ್ತಿತ್ತು. ನಿಧಾನ ಓಟದಲ್ಲಿ ಗಾಳಿಯ ಆಸರೆ ಇಲ್ಲದೆ ದೋಣಿ ಭಾರವಾಗಿ ಕುಕ್ಕುತ್ತಿತ್ತು, ಟನಲ್‌ನ ಬಾಯಿಂದ ನೀರು ಸೀನಿದಂತೆ ಮುಂದಕ್ಕೆ ಚಿಮ್ಮುತ್ತಿತ್ತು.

ಈ ಒಂದೊಂದು ತೊಂದರೆಗೂ ತಳದಲ್ಲಿ ಒಂದೊಂದು ಗುರುತು ಉಳಿದಿದೆ. ಸ್ಪಾನ್ಸನ್‌ನ ಮೂತಿ ದಪ್ಪಗಾಗಿ ಮೇಲಕ್ಕೆ ಬಾಗಿತು. ಇಳಿಯುವಾಗ ಚುಚ್ಚುವ ಬದಲು ತೇಲಿಸಲಿ ಎಂದು. ಟನಲ್‌ನ ಚಾವಣಿ ಎತ್ತರವಾಯಿತು. ಅದರ ನಡುವೆ ಉದ್ದಕ್ಕೂ ಉಬ್ಬಿಕೊಂಡ 'ಸೆಂಟರ್ ಪಾಡ್' ಬಂತು. ನೀರು ಮೇಲೆ ಬಂದರೆ ಚಪ್ಪಟೆ ಚಾವಣಿಗೆ ಬಡಿಯುವ ಮೊದಲೇ ಪಾಡ್ ಅದನ್ನು ಎರಡು ಪಾಲು ಮಾಡಿ ಬದಿಗೆ ತಳ್ಳುತ್ತದೆ, ನಿಧಾನ ಓಟದಲ್ಲಿ ಮೂರನೆಯ ಒಡಲಿನಂತೆ ಒಂದಿಷ್ಟು ಭಾರವನ್ನೂ ಹೊರುತ್ತದೆ. ಸ್ಪಾನ್ಸನ್‌ನ ಚೂಪು ತಳದ ತುದಿಯನ್ನು ತರಿದು ಕೆಲವು ಇಂಚು ಅಗಲದ ಚಪ್ಪಟೆ 'ಪ್ಯಾಡ್' ಮಾಡಿದರು. ಪೂರ್ಣ ವೇಗದಲ್ಲಿ ದೋಣಿ ನಿಲ್ಲುವುದು ಆ ಎರಡು ಪಟ್ಟಿಗಳ ಮೇಲೆ. ಅಡ್ಡಕ್ಕೆ ಮೆಟ್ಟಿಲುಗಳು ಬಂದವು. ಮೆಟ್ಟಿಲಿನ ಹಿಂದೆ ಬದಿಯಿಂದ ಗಾಳಿ ಎಳೆದುಕೊಂಡು ತಳ ನೀರಿನಿಂದ ಬಿಡಿಸಿಕೊಳ್ಳುತ್ತದೆ.

ಅಗಲದ ಕಥೆ ಬೇರೆ. ಅಮೆರಿಕದ ರಸ್ತೆಗಳಲ್ಲಿ ವಿಶೇಷ ಪರವಾನಗಿ ಇಲ್ಲದೆ ಟ್ರೇಲರ್ ಮೇಲೆ ಎಳೆಯಬಹುದಾದ ಅಗಲ ಸಾಮಾನ್ಯವಾಗಿ 8 ಅಡಿ 6 ಇಂಚು. ಸಣ್ಣ ಮಾದರಿಗಳು ಆ ಅಳತೆಗೆ ಹೊಂದಿಕೊಂಡು ಇಕ್ಕಟ್ಟಾದವು. ಟನಲ್ ಕಿರಿದಾದರೆ ಎತ್ತುವ ಬಲವೂ ಬದಿಯ ಸ್ಥಿರತೆಯೂ ಕಡಿಮೆ. ದೊಡ್ಡ ಮಾದರಿಗಳು ಪರವಾನಗಿಯ ಗೋಜನ್ನು ಒಪ್ಪಿಕೊಂಡೇ ಅಗಲವಾದವು. ಅಗಲ ಹೆಚ್ಚಿದರೆ ಎಲ್ಲವೂ ಒಳ್ಳೆಯದೇ ಎಂದು ತಿಳಿಯಬೇಡಿ. ಎರಡು ಸ್ಪಾನ್ಸನ್‌ಗಳಿಗೆ ಅಲೆ ಬೇರೆಬೇರೆ ಹೊತ್ತಿನಲ್ಲಿ ಹೊಡೆಯುವುದರಿಂದ ನಡುವಿನ ಸೇತುವೆ ಒದ್ದೆ ಬಟ್ಟೆಯಂತೆ ಹಿಂಡಿಸಿಕೊಳ್ಳುತ್ತದೆ, ಅಗಲ ಹೆಚ್ಚಿದಷ್ಟೂ ಆ ತಿರುಚು ಜಾಸ್ತಿ. ಕಟ್ಟುವ ವಸ್ತು ಪ್ಲೈವುಡ್, ಅಲ್ಯುಮಿನಿಯಂ ದಾಟಿ ಫೈಬರ್, ಕೆವ್ಲಾರ್, ಕಾರ್ಬನ್‌ಗೆ ಬಂದದ್ದು ತೂಕ ಇಳಿಸಲಿಕ್ಕೆ ಮಾತ್ರವಲ್ಲ, ಈ ತಿರುಚನ್ನು ತಡೆಯಲಿಕ್ಕೂ ಹೌದು. ಮಿಷಿಗನ್ ರಾಜ್ಯದ ಡಗ್ಲಸ್‌ನಲ್ಲಿ ಪೀಟರ್ ಹ್ಲೆಡಿನ್ ಕಟ್ಟಿದ ಸ್ಕೇಟರ್ ದೋಣಿಗಳು ಪದರಗಳ ನಡುವಿನ ಹಗುರ ಬಾಲ್ಸಾ ಮರದ ತಿರುಳು ಮತ್ತು ವ್ಯಾಕ್ಯೂಮ್ ಬ್ಯಾಗ್ ವಿಧಾನದಿಂದ ಹೆಸರು ಮಾಡಿದವು. ಹೊದಿಕೆಯ ಒಳಗಿನ ಗಾಳಿಯನ್ನು ಹೀರಿ ಪದರಗಳನ್ನು ಒತ್ತಿ ಹಿಡಿದರೆ ಹೆಚ್ಚುವರಿ ರಾಳ ಹೊರಬರುತ್ತದೆ, ತಿರುಳಿಗೂ ಫೈಬರಿಗೂ ನಡುವೆ ಟೊಳ್ಳು ಉಳಿಯುವುದಿಲ್ಲ.

ಪ್ರಶ್ನೆ: ಇಷ್ಟು ಒಳ್ಳೆಯ ಒಡಲಾದರೆ ಮಹಾಸಾಗರ ದಾಟುವ ದಾಖಲೆಗೆ ಏಕೆ ಬಳಸುವುದಿಲ್ಲ?

ಉತ್ತರ: ಬಳಸಿದ್ದುಂಟು. 1985ರ 'ವರ್ಜಿನ್ ಅಟ್ಲಾಂಟಿಕ್ ಚಾಲೆಂಜರ್' ಕ್ಯಾಟಮರಾನೇ. ಬ್ರಿಟನ್ ಇನ್ನೇನು ಹತ್ತಿರ ಎನ್ನುವಾಗ ತೇಲುವ ವಸ್ತುವಿಗೆ ಬಡಿದು ಮುಳುಗಿತು. 1986ರಲ್ಲಿ ದಾಖಲೆ ಮುರಿದ ಎರಡನೆಯ ಚಾಲೆಂಜರ್ ಒಂಟಿ ಒಡಲಿನದು. ಮುಳುಗಿದ್ದಕ್ಕೆ ಒಡಲಿನ ಜಾತಿ ಕಾರಣವಲ್ಲ. ಆದರೆ ದೂರದ ಓಟಕ್ಕೆ ಟನ್‌ಗಟ್ಟಲೆ ಇಂಧನ ಹೊರಬೇಕು. ಎರಡು ಕಿರಿದಾದ ಸ್ಪಾನ್ಸನ್‌ಗಳು ಭಾರಕ್ಕೆ ಬೇಗ ತಗ್ಗುತ್ತವೆ, ಟನಲ್‌ನ ಚಾವಣಿ ನೀರಿಗೆ ಹತ್ತಿರವಾಗುತ್ತದೆ, ಗಾಳಿಯ ಲಾಭ ಹೋಗಿ ಬಡಿತ ಉಳಿಯುತ್ತದೆ.

ಪ್ರಶ್ನೆ: ರೇಸ್ ದೋಣಿಗಳಿಗೆ ಯುದ್ಧವಿಮಾನದಂಥ ಗಾಜಿನ ಮುಚ್ಚಳ ಬಂದದ್ದು ಅಂದಕ್ಕೋ, ಅಗತ್ಯಕ್ಕೋ?

ಉತ್ತರ: ಅಗತ್ಯಕ್ಕೆ, ಅದೂ ಹಲವರು ಜೀವ ತೆತ್ತ ಮೇಲೆ. 1980ರ ದಶಕದಲ್ಲಿ ವೇಗ ಏರಿದರೂ ಕಾಕ್‌ಪಿಟ್ ತೆರೆದೇ ಇತ್ತು. ಆ ವೇಗದಲ್ಲಿ ಹೊರಗೆ ಎಸೆಯಲ್ಪಟ್ಟ ದೇಹಕ್ಕೆ ನೀರು ಕಲ್ಲುಚಪ್ಪಡಿ. ಆ ದಶಕದ ಉತ್ತರಾರ್ಧದಲ್ಲಿ ಎಫ್-16 ವಿಮಾನದ ಮುಚ್ಚಳಗಳನ್ನೇ ತಂದು ದೋಣಿಗೆ ಅಳವಡಿಸಿದರು. ಬಡಿತ ತಡೆಯಬಲ್ಲ ಸಿದ್ಧವಸ್ತು ಅದು. 1990ರ ಅಕ್ಟೋಬರ್ 3ರಂದು ಮೊನಾಕೊ ಕಡಲಿನಲ್ಲಿ ಹಾಲಿ ಚಾಂಪಿಯನ್ ಸ್ಟೆಫಾನೊ ಕಾಸಿರಾಗಿ ತಮ್ಮ ಕ್ಯಾಟಮರಾನ್ ಮಗುಚಿ ಮೃತಪಟ್ಟ ಮೇಲೆ ಸುರಕ್ಷತೆಯ ನಿಯಮಗಳು ಬಿಗಿಯಾದವು. ಈಗಿನ ಕ್ಲಾಸ್ 1 ದೋಣಿಯಲ್ಲಿ ಚಾಲಕನೂ ಥ್ರಾಟಲ್ ಹಿಡಿಯುವವನೂ ಗಟ್ಟಿ ಕೋಶದೊಳಗೆ ಬೆಲ್ಟ್ ಬಿಗಿದು ಕೂರುತ್ತಾರೆ. ಮಗುಚಿದರೆ ಹೊರಬರಲು ತಳದಲ್ಲಿ ಬಾಗಿಲಿದೆ, ಉಸಿರಾಡಲು ಗಾಳಿಯ ಸಿಲಿಂಡರ್ ಇದೆ, ನೀರಿನಡಿ ತಲೆಕೆಳಗಾಗಿ ಬೆಲ್ಟ್ ಬಿಚ್ಚುವ ಪರೀಕ್ಷೆಯನ್ನು ಮೊದಲೇ ಪಾಸು ಮಾಡಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ಕೋಶವಿಲ್ಲದ ತೆರೆದ ದೋಣಿಗೆ ರೇಸಿನ ಬೆಲ್ಟ್ ಹಾಕಿಸಬೇಡಿ. ಮಗುಚಿದರೆ ಅದು ನಿಮ್ಮನ್ನು ನೀರಿನ ಹೊಡೆತದ ಕಡೆಗೇ ಕಟ್ಟಿಹಾಕುತ್ತದೆ. ತೆರೆದ ದೋಣಿಯಲ್ಲಿ ಲೈಫ್ ಜಾಕೆಟ್, ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ (ಲ್ಯಾನ್ಯಾರ್ಡ್) ಎರಡೂ ಮೈಮೇಲಿರಬೇಕು. ಇವಕ್ಕಿಂತ ಮುಖ್ಯ, ತೆರೆದ ದೋಣಿಗೆ ತಕ್ಕ ವೇಗ.

ಪ್ರಶ್ನೆ: ಈಗ ಎಲ್ಲ ಹೊಸ ಮಾದರಿಗಳಲ್ಲೂ ಎಂಜಿನ್ ಹಿಂದೆ ನೇತಾಡುತ್ತದೆ. ಒಳಗಿನ ದೊಡ್ಡ ಎಂಜಿನ್ ಹೋಯಿತೇ?

ಉತ್ತರ: ಹೋಗಿಲ್ಲ. ಮರ್ಕ್ಯುರಿ ರೇಸಿಂಗ್ 2010ರಲ್ಲಿ ತಂದ 1350 ಅಶ್ವಶಕ್ತಿಯ, 9 ಲೀಟರ್, ಎರಡು ಟರ್ಬೊಗಳ ವಿ8 ಎಂಜಿನ್ ಇಂದಿಗೂ 40 ಅಡಿ ಮೇಲ್ಪಟ್ಟ ಕ್ಯಾಟಮರಾನ್‌ಗಳ ಕನಸು. ಅದಕ್ಕಿಂತ ಸಣ್ಣ ದೋಣಿಗಳ ದಿಕ್ಕು ಬದಲಿಸಿದ್ದು 2019ರಲ್ಲಿ ಬಂದ 450ಆರ್ ಔಟ್‌ಬೋರ್ಡ್: 4.6 ಲೀಟರ್ ವಿ8, ಸೂಪರ್‌ಚಾರ್ಜರ್, ತೂಕ ಸುಮಾರು 313 ಕಿಲೋ. ಇಂಥ ಎರಡನ್ನು ತೂಗುಹಾಕಿದರೆ 900 ಅಶ್ವಶಕ್ತಿ, ಒಳಗೆ ಎಂಜಿನ್ ಕೋಣೆಯೇ ಬೇಡ. ದೋಣಿ ತಯಾರಕರಾದ ಎಂಟಿಐನ 340ಎಕ್ಸ್, 390ಎಕ್ಸ್, ಡಿಸಿಬಿಯ ಎಂ37ಆರ್ ಮೊದಲಾದವು ಈ ದಾರಿಯವು. ಹೆಸರಿನ ಅಂಕೆ ಹೆಚ್ಚಾಗಿ ಉದ್ದದ ಅಡಿ ಲೆಕ್ಕ: 340 ಎಂದರೆ 34 ಅಡಿ.

ಆದರೆ ಹಳೆಯ ಒಡಲಿನ ಒಳ ಎಂಜಿನ್ ಕಿತ್ತು ಔಟ್‌ಬೋರ್ಡ್ ನೇತುಹಾಕಿದರೆ ಹೊಸ ಮಾದರಿ ಆಗುವುದಿಲ್ಲ. ಭಾರ ದೋಣಿಯ ಹಿಂಗೋಡೆಯಾದ ಟ್ರಾನ್ಸಮ್‌ನ ಹಿಂದಕ್ಕೆ ಸರಿದು ಮೂತಿ ಹಗುರಾಗುತ್ತದೆ. ಮೂತಿ ಹಗುರಾದ ಕ್ಯಾಟಮರಾನ್ ಏನು ಮಾಡುತ್ತದೆ ಎಂಬುದನ್ನು ಎರಡನೆಯ ಉತ್ತರದಲ್ಲಿ ಹೇಳಿದ್ದೇವೆ. ಔಟ್‌ಬೋರ್ಡಿಗೆಂದೇ ಹುಟ್ಟಿದ ವಿನ್ಯಾಸದಲ್ಲಿ ಸೀಟು, ಟ್ಯಾಂಕು, ಬ್ಯಾಟರಿಗಳ ಜಾಗವನ್ನು ಈ ಲೆಕ್ಕಕ್ಕೆ ಸರಿಯಾಗಿ ಗೊತ್ತುಮಾಡಿರುತ್ತಾರೆ.

ಪ್ರಶ್ನೆ: ಎರಡು ಔಟ್‌ಬೋರ್ಡ್, ಗೇರ್ ಅನುಪಾತ 1.60, ಪ್ರೊಪೆಲ್ಲರ್ ಪಿಚ್ (ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) 34 ಇಂಚು. ಎಂಜಿನ್ 6400 ಸುತ್ತು ಮುಟ್ಟುತ್ತದೆ, ಆದರೆ ದೋಣಿ 170 ಕಿ.ಮೀ. ದಾಟುವುದಿಲ್ಲ. 36 ಇಂಚಿನ ಪ್ರೊಪೆಲ್ಲರ್ ಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಸ್ಲಿಪ್, ಅಂದರೆ ನೀರಿನಲ್ಲಿ ಪ್ರೊಪೆಲ್ಲರಿನ ಜಾರಿಕೆ, ಎಷ್ಟೆಂದು ನೋಡಿ. 6400ನ್ನು 1.60ರಿಂದ ಭಾಗಿಸಿದರೆ ಪ್ರೊಪೆಲ್ಲರ್ ನಿಮಿಷಕ್ಕೆ 4000 ಸುತ್ತು. ಅದನ್ನು 34ರಿಂದ, ಮತ್ತೆ (ನಿಮಿಷದ ಇಂಚನ್ನು ಗಂಟೆಯ ಕಿ.ಮೀ.ಗೆ ತರಲು) 0.001524ರಿಂದ ಗುಣಿಸಿ: 207 ಕಿ.ಮೀ. ಜಾರಿಕೆ ಇಲ್ಲದಿದ್ದರೆ ಸಿಗಬೇಕಾದ ವೇಗ ಅದು. ನಿಮಗೆ ಸಿಗುತ್ತಿರುವುದು 170, ಅಂದರೆ ಸ್ಲಿಪ್ ಶೇ 18. ಚೆನ್ನಾಗಿ ಹೊಂದಿಸಿದ ಕ್ಯಾಟಮರಾನ್‌ನಲ್ಲಿ ಪೂರ್ಣ ವೇಗದ ಸ್ಲಿಪ್ ಶೇ 10ರ ಆಚೀಚೆ ಇರಬೇಕು. ಶಕ್ತಿ ನೀರನ್ನು ಕಡೆಯುವುದಕ್ಕೆ ಹೋಗುತ್ತಿದೆ. ಪಿಚ್ ಏರಿಸಿದರೆ ಸುತ್ತು ಇಳಿದು ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ವೇಗವನ್ನು ಜಿಪಿಎಸ್‌ನಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ. ಒಂದೇ ದಿಕ್ಕಿನ ಅಳತೆಯಲ್ಲಿ ಹರಿವು ಸೇರಿಕೊಂಡಿರುತ್ತದೆ. ಪ್ರೊಪೆಲ್ಲರನ್ನು ಪರೀಕ್ಷೆಗೆ ಕೊಡಿ. ಮೇಲೆ ಅಚ್ಚಾದ ಪಿಚ್‌ಗೂ ನಿಜವಾದ ಪಿಚ್‌ಗೂ ವ್ಯತ್ಯಾಸ ಇರಬಹುದು, ಅಲಗಿನ ತುದಿಯ ಬಾಗು ಸವೆದಿದ್ದರೂ ನೀರಿನ ಹಿಡಿತ ತಪ್ಪುತ್ತದೆ.

ಇವು ಸರಿಯಿದ್ದರೆ ಎಂಜಿನ್ ಎತ್ತರ ನೋಡಿ. ಟ್ರಿಮ್ ಅನ್ನು ಸಮ ಮಾಡಿ, ಸ್ಪಾನ್ಸನ್ ತಳದ ಹಿಂಭಾಗಕ್ಕೆ ನೇರ ಪಟ್ಟಿ ಒತ್ತಿ ಹಿಡಿದು, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟಿನ ನಡುವಿಗೆ ಎಷ್ಟು ಎಂದು ಎರಡೂ ಬದಿ ಅಳೆಯಿರಿ. ಎರಡು ಎಂಜಿನ್‌ಗಳ ಅಳತೆ ಒಂದೇ ಇರಬೇಕು. ಆಮೇಲೆ ಒಂದು ಸಲಕ್ಕೆ 6 ಮಿ.ಮೀ. ಮಾತ್ರ ಇಳಿಸಿ, ಅಷ್ಟೇ ಇಂಧನ, ಅಷ್ಟೇ ಜನರೊಂದಿಗೆ ಓಡಿಸಿ, ಸುತ್ತು, ವೇಗ, ಕೂಲಿಂಗ್ ನೀರಿನ ಒತ್ತಡ ಮೂರನ್ನೂ ಬರೆದಿಡಿ. ಎಂಜಿನ್ ಅತಿ ಎತ್ತರದಲ್ಲಿದ್ದರೆ ಹೊರಡುವಾಗಲೂ ತಿರುವಿನಲ್ಲೂ ಪ್ರೊಪೆಲ್ಲರ್ ಗಾಳಿ ಕುಡಿದು ಕೂಗುತ್ತದೆ, ನೀರಿನ ಒತ್ತಡ ಬೀಳುತ್ತದೆ. ತೀರಾ ಕೆಳಗಿದ್ದರೆ ಸ್ಟಿಯರಿಂಗ್ ಭಾರ, ವೇಗ ಮಂದ. ಇಳಿಸಿದಾಗ ಸುತ್ತು ತುಸು ಕಡಿಮೆಯಾಗಿ ವೇಗ ಏರಿದರೆ ದಾರಿ ಸರಿ ಎಂದರ್ಥ. ನೀರಿನ ಒತ್ತಡ ತಯಾರಕರು ಹೇಳಿದ ಮಟ್ಟಕ್ಕಿಂತ ಕೆಳಗಿದ್ದರೆ ವೇಗದ ಆಸೆ ಬಿಟ್ಟು ಕೂಡಲೇ ನಿಲ್ಲಿಸಿ.

ಇಷ್ಟಾದರೂ ಬಗ್ಗದಿದ್ದರೆ ಪ್ರೊಪೆಲ್ಲರಿನ ನೇರ ಮುಂದೆ ತಳದಲ್ಲಿ ಸೆನ್ಸರ್, ನೀರಿನ ತೂತು, ಕಿತ್ತ ಅಂಚು ಏನಾದರೂ ಇದೆಯೇ ನೋಡಿ. ಬೆರಳಗಲದ ಉಬ್ಬು ಕೂಡ ನೊರೆ ಎಬ್ಬಿಸಿ ಅದನ್ನು ಪ್ರೊಪೆಲ್ಲರಿಗೆ ಉಣಿಸುತ್ತದೆ.

ಪ್ರಶ್ನೆ: ಫಾರ್ಮುಲಾ 1 ದೋಣಿಗಳು ಓಟದ ದಾರಿ ತೋರುವ ತೇಲುಬುರುಡೆಯ (ಬಾಯೆ) ಸುತ್ತಲೂ ಥಟ್ಟನೆ ತಿರುಗುತ್ತವೆ. ದೊಡ್ಡ ಕ್ಯಾಟಮರಾನ್ ಹಾಗೆ ತಿರುಗದೇಕೆ?

ಉತ್ತರ: ಎಫ್1 ದೋಣಿ 6 ಮೀಟರ್ ಉದ್ದ, ಎಂಜಿನ್ ಸೇರಿ ಸುಮಾರು 390 ಕಿಲೋ. ಸ್ಪಾನ್ಸನ್‌ನ ನೇರ ಒಳಗೋಡೆ ನೀರಿಗೆ ಕಚ್ಚಿ ಹಳಿಯಂತೆ ಹಿಡಿಯುತ್ತದೆ, ಹಗುರ ದೇಹ ಅದಕ್ಕೆ ಬಗ್ಗುತ್ತದೆ. ಅದೇ ಹಿಡಿತಕ್ಕೆ ನಾಲ್ಕೈದು ಟನ್ ತೂಕ ಹೊರಿಸಿ ನೋಡಿ. 160 ಕಿ.ಮೀ.ನಲ್ಲಿ 100 ಮೀಟರ್ ತ್ರಿಜ್ಯದ ತಿರುವು ಎಂದರೆ ಗುರುತ್ವದ ಎರಡು ಪಟ್ಟು ಬಲ ಬದಿಗೆ ಎಳೆಯುತ್ತದೆ. 400 ಮೀಟರ್ ತ್ರಿಜ್ಯದಲ್ಲಿ ಅರ್ಧ ಪಟ್ಟು. ವಿ-ದೋಣಿ ತಿರುವಿನ ಒಳಕ್ಕೆ ವಾಲುತ್ತದೆ, ಕ್ಯಾಟಮರಾನ್ ಚಪ್ಪಟೆಯಾಗಿಯೇ ತಿರುಗುವುದರಿಂದ ಸೀಟಿನಲ್ಲಿ ಕೂತವರು ಹೊರಕ್ಕೆ ಜಾರುತ್ತಾರೆ.

ತಿರುವಿಗೆ ಮುಂಚೆಯೇ ವೇಗ ಇಳಿಸಿ, ಟ್ರಿಮ್ ಸ್ವಲ್ಪ ಒಳಗೆ ತೆಗೆದುಕೊಂಡು, ಆಮೇಲೆ ಒಂದೇ ಸಮನೆ ಥ್ರಾಟಲ್ ಹಿಡಿದು ಅಗಲವಾಗಿ ತಿರುಗಿಸಿ. ತಿರುವಿನ ನಡುವೆ ಹೆದರಿ ಥ್ರಾಟಲನ್ನು ಪೂರ್ತಿ ಬಿಟ್ಟರೆ ಮೂತಿ ಕುಸಿಯುತ್ತದೆ, ಹೊರಬದಿಯ ಸ್ಪಾನ್ಸನ್ ನೀರಿಗೆ ಚುಚ್ಚಿಕೊಳ್ಳುತ್ತದೆ, ಅದನ್ನೇ ಗೂಟ ಮಾಡಿಕೊಂಡು ದೋಣಿ ಗಿರ್ರನೆ ಸುತ್ತುತ್ತದೆ.

ಪ್ರಶ್ನೆ: 1990ರ ದಶಕದ ಹಳೆಯ ಕ್ಯಾಟಮರಾನ್ ಕೊಳ್ಳುವ ಯೋಚನೆ ಇದೆ. ಎಂಜಿನ್ ಬಿಟ್ಟು ಬೇರೆ ಏನು ನೋಡಬೇಕು?

ಉತ್ತರ: ಮೊದಲು ತೂಗಿಸಿ. ಟ್ರೇಲರ್ ಸಮೇತ ತೂಕಸೇತುವೆಗೆ ಹತ್ತಿಸಿ, ಟ್ರೇಲರ್, ಇಂಧನದ ತೂಕ ಕಳೆದು ತಯಾರಕರ ಲೆಕ್ಕಕ್ಕೆ ಹೋಲಿಸಿ. ನೂರಾರು ಕಿಲೋ ಹೆಚ್ಚಿದ್ದು, ಸೇರಿಸಿದ ಸಾಮಾನು ಕಾಣದಿದ್ದರೆ ಬಾಲ್ಸಾ ತಿರುಳು ನೀರು ಕುಡಿದಿದೆ ಎಂಬ ಅನುಮಾನ ಬರಬೇಕು.

ಆಮೇಲೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ತಳಕ್ಕೆ ಹೋಗಿ. ಕೈಯಗಲಕ್ಕೊಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಹಲಸಿನ ಹಣ್ಣು ತಟ್ಟಿದಂತೆ ಮಂಕಾಗಿ ಬೊದ್ ಎನ್ನುತ್ತದೆ. ಮಂಕು ಕೇಳಿದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಕೊನೆಗೆ ಗೆರೆಗಳ ಆಕಾರ ನೋಡಿ. ಪ್ಯಾಡ್‌ನ ಉದ್ದಕ್ಕೂ, ಮೆಟ್ಟಿಲಿನ ಹಿಂದೆ, ಟ್ರಾನ್ಸಮ್ ಬೋಲ್ಟುಗಳ ಸುತ್ತ ಹೆಚ್ಚು ಗಮನ ಇರಲಿ.

ಟನಲ್‌ನ ಚಾವಣಿ ಸ್ಪಾನ್ಸನ್ ಗೋಡೆಗೆ ಸೇರುವ ಮೂಲೆಗೆ ಟಾರ್ಚ್ ಹಿಡಿಯಿರಿ. ಕೂದಲೆಳೆಯಂಥ ಬಿರುಕು ಮೂಲೆಗುಂಟ ನೇರವಾಗಿ ಹೋಗಿದ್ದರೆ ಅದು ಬಣ್ಣದ ಬಿರುಕಲ್ಲ, ತಿರುಚಿನದು. ಒಳಗಿನಿಂದ ಅದೇ ಜಾಗದ ಅಡ್ಡಗೋಡೆಯ ಅಂಟು ಬಿಟ್ಟಿದೆಯೇ ನೋಡಬೇಕು. ಒಳಗೆ ಹೊಸ ಬಣ್ಣ ಬಳಿದಿದ್ದರೆ ಅದನ್ನು ಕೆರೆದು ನೋಡಲು ಒಪ್ಪಿಗೆ ಕೇಳಿ, ಒಪ್ಪದಿದ್ದರೆ ವ್ಯಾಪಾರ ಬಿಡಿ. ಸ್ಪಾನ್ಸನ್‌ಗಳ ತುದಿಗೆ ದಾರ ಕಟ್ಟಿ ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳೆಯಿರಿ. ಎರಡೂ ಮೂಲೆಯಳತೆ ಒಂದೇ ಬರಬೇಕು. ಬಾರದಿದ್ದರೆ ಒಡಲು ಓರೆಯಾಗಿದೆ. ಅಂಥ ದೋಣಿಗೆ ಎಷ್ಟು ಹೊಸ ಎಂಜಿನ್ ಹಾಕಿದರೂ ಪೂರ್ಣ ವೇಗದಲ್ಲಿ ಒಂದು ಬದಿಗೆ ಎಳೆಯುತ್ತಲೇ ಇರುತ್ತದೆ.